ತಾನೇ ಉಬ್ಬುವ ಚಾಪೆ

ನನಗೆ ಸಿಟ್ಟೇ ಬರುವುದಿಲ್ಲ ಎಂದು ನಾನು ಈವರೆಗೆ ಎಲ್ಲೂ ಹೇಳಿಕೊಂಡಿಲ್ಲ. ಹೇಳಿದರೆ ನಂಬುವಂಥ ಒಬ್ಬ ಮನುಷ್ಯನೂ ನಮ್ಮ ಸಿದ್ದಾಪುರದ ಆಸುಪಾಸಿನಲ್ಲಿ ಸಿಗುವುದಿಲ್ಲ. ಕೆಲವರ ಸಿಟ್ಟು ಹಾಲಿನ ಹಾಗೆ. ಉಕ್ಕುವ ಮುಂಚೆ ಅಂಚಿಗೆ ಬಂದು, ಯಾರಾದರೂ ಒಲೆ ಆರಿಸಲಿ ಎಂದು ಒಂದು ಗಳಿಗೆ ಕಾಯುತ್ತದೆ. ನನ್ನದು ಕಾದ ಎಣ್ಣೆಗೆ ಬಿದ್ದ ಸಾಸಿವೆ. ಇದಕ್ಕೆ ನನ್ನ ಉದ್ಯೋಗವೇ ಕಾರಣ ಎಂದು ದೂರುವುದು ನನ್ನ ಹಳೆಯ ವಾಡಿಕೆ. ನಾನು ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ಮೈಸೂರಿನ ಕಡೆಯ ನೆಂಟರ ಮದುವೆಗಳಲ್ಲಿ ಈ ಮಾತು ಕೇಳಿದವರು ಎದ್ದು ನಿಂತು ಕೈಮುಗಿದು, “ಕಥೇನಾ ಸಾರ್, ಕಾದಂಬರೀನಾ?” ಎಂದು ಕೇಳಿದ್ದುಂಟು. ನಾನು ಬರೆಯುವುದು ಆಳುಗಳ ಹಾಜರಿ. ಬೆಳಗ್ಗೆ ಅವರ ಸಾಲುಮನೆಗಳ ಲೈನಿನ ಮುಂದೆ ನಿಂತು, ಯಾರು ಬಂದರು, ಯಾರು ಬರಲಿಲ್ಲ, ಯಾರು ಯಾವ ಬ್ಲಾಕಿಗೆ ಹೋಗಬೇಕು ಎಂದು ಕೂಗುವುದರಲ್ಲೇ ನನ್ನ ಸಾಹಿತ್ಯವೆಲ್ಲ ಮುಗಿದುಹೋಗುತ್ತದೆ. ಮೂವತ್ತು ವರ್ಷ ಹೀಗೆ ಕೂಗಿದವನ ಗಂಟಲು ಮನೆಗೆ ಬಂದ ಕೂಡಲೇ ತಗ್ಗುವುದಾದರೂ ಹೇಗೆ? ಇದು ನನ್ನ ವಾದ. ನನ್ನ ಹೆಂಡತಿ ಸರೋಜ ಈ ವಾದವನ್ನು ಒಂದು ದಿನವೂ ಒಪ್ಪಿದವಳಲ್ಲ.

ಕಳೆದ ವರ್ಷ ದೀಪಾವಳಿ ಕಳೆದ ಮೇಲೆ ಒಂದು ಬೆಳಗ್ಗೆ ನನ್ನ ಊಟದ ಡಬ್ಬಿಯ ಮುಚ್ಚಳ ಕೂರಲಿಲ್ಲ. ಒತ್ತಿದೆ, ಗುದ್ದಿದೆ, ಕೊನೆಗೆ ಕೂಗಿದೆ. ಈ ಮನೆಯಲ್ಲಿ ಒಂದು ಮುಚ್ಚಳವನ್ನು ಅದರ ಡಬ್ಬಿಯ ಜೊತೆ ಇಡುವ ಯೋಗ್ಯತೆ ಯಾರಿಗೂ ಇಲ್ಲವೇ ಎಂದು ಶುರುವಾದದ್ದು, ಅವಳ ತವರಿನ ಪಾತ್ರೆಪಡಗಗಳ ಸುದ್ದಿಗೆ ಬಂದು ನಿಂತಿತು. ಸರೋಜ ಡಬ್ಬಿಯನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದಳು. ಅದು ನಮ್ಮ ಡಬ್ಬಿಯೇ ಅಲ್ಲ. ಹಿಂದಿನ ದಿನ ಆಫೀಸಿನಿಂದ ಬೇರೆ ಯಾರದೋ ಡಬ್ಬಿಯನ್ನು ಎತ್ತಿಕೊಂಡು ಬಂದವನು ನಾನೇ. ಅವಳು ಆಗಲೂ ಕೂಗಲಿಲ್ಲ. ಸೊಪ್ಪು ಬಿಡಿಸಲು ಕುಳಿತುಕೊಳ್ಳುತ್ತಾ, “ನಿಮ್ಮಪ್ಪನೂ ಹಿಂಗೇ ಕೂಗಾಡೋರಂತೆ, ಅತ್ತೆ ಹೇಳ್ತಿದ್ರು. ಆದ್ರೆ ಅವ್ರು ವರ್ಷಕ್ಕೆ ನಲವತ್ತೊಂದು ದಿನನಾದ್ರೂ ಮನುಷ್ಯರಾಗಿರ್ತಿದ್ರಂತೆ. ನಿಮ್ಗೆ ಅದೂ ಇಲ್ವಲ್ಲ” ಎಂದಳು.

ಬೈಗುಳವಾಗಿದ್ದರೆ ಎರಡು ಬೈದು ತೀರಿಸಿಕೊಳ್ಳುತ್ತಿದ್ದೆ. ಇದು ನಿಜವಾಗಿತ್ತು. ನನ್ನಪ್ಪ ಅರಕಲಗೂಡಿನ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ನೆಲೆ ನಿಂತವನು. ಎಸ್ಟೇಟುಗಳ ಕಾಫಿಯನ್ನು ಕ್ಯೂರಿಂಗ್ ಕಾರ್ಖಾನೆಗೆ ಸಾಗಿಸುವ ಲಾರಿಯ ಡ್ರೈವರ್. ಅವನ ಬಾಯಿ ಅವನ ಲಾರಿಯ ಹಾರ್ನಿಗಿಂತ ಮುಂದೆ. ನನ್ನ ಹೆಸರಿನಿಂದ ನನ್ನನ್ನು ಕರೆದದ್ದೇ ಕಡಿಮೆ. “ಏನ್ಲಾ”, “ಬಾರ್ಲಾ”, “ಎಲ್ ಸತ್ಯೋ”, ಈ ಮೂರರಲ್ಲಿ ಒಂದು. ಅಂಥವನು ಕಾರ್ತಿಕದಲ್ಲಿ ಅಯ್ಯಪ್ಪನ ಮಾಲೆ ಹಾಕಿಕೊಂಡ ದಿನದಿಂದ ಬೇರೆಯೇ ಮನುಷ್ಯನಾಗುತ್ತಿದ್ದ. ಕಪ್ಪು ಪಂಚೆ ಉಟ್ಟು, ಆ ಚಳಿಯಲ್ಲಿ ನಸುಕಿಗೇ ತಣ್ಣೀರು ಸ್ನಾನ ಮಾಡಿ, ಹಲ್ಲು ಕಟಕಟ ಎನ್ನುತ್ತಾ ಬಂದು, “ಏಳಿ ಸ್ವಾಮಿ, ಸ್ಕೂಲಿಗೆ ಹೊತ್ತಾಯ್ತು” ಎಂದು ನನ್ನನ್ನು ಎಬ್ಬಿಸುತ್ತಿದ್ದ. ಮಾಲೆ ಹಾಕಿದವರು ಎಲ್ಲರನ್ನೂ ಸ್ವಾಮಿ ಎಂದೇ ಕರೆಯಬೇಕು, ಯಾರ ಮೇಲೂ ದನಿ ಎತ್ತಬಾರದು ಎಂಬುದು ವ್ರತದ ನಿಯಮ. ಎಂಟು ವರ್ಷದ ಹುಡುಗನಿಗೆ ನಿಯಮವೆಲ್ಲ ಎಲ್ಲಿ ತಿಳಿಯಬೇಕು? ಅಪ್ಪ ನನ್ನನ್ನು ಬಹುವಚನದಲ್ಲಿ ಕರೆಯುತ್ತಾನೆ, ಅಷ್ಟೇ ನನಗೆ ಗೊತ್ತಿದ್ದದ್ದು. ಆ ದಿನಗಳನ್ನು ನಾನು ಹಬ್ಬಕ್ಕಿಂತ ಹೆಚ್ಚಾಗಿ ಕಾಯುತ್ತಿದ್ದೆ.

ಕಾಯುವುದರಲ್ಲಿ ಸ್ವಲ್ಪ ಸ್ವಾರ್ಥವೂ ಇತ್ತೆನ್ನಿ. ವರ್ಷವಿಡೀ ಮಾಡಿ ಮುಚ್ಚಿಟ್ಟ ತಪ್ಪುಗಳನ್ನೆಲ್ಲ ಆ ನಲವತ್ತೊಂದು ದಿನಗಳಿಗೆಂದು ಕೂಡಿಟ್ಟುಕೊಳ್ಳುತ್ತಿದ್ದೆ. ಗಾಜು ಒಡೆದ ಲಾಟೀನನ್ನು ಶ್ರಾವಣದಿಂದ ಹುಲ್ಲಿನ ಮೆದೆಯಲ್ಲಿ ಅಡಗಿಸಿಟ್ಟು ಕಾರ್ತಿಕದಲ್ಲಿ ಹೊರತೆಗೆದದ್ದು ನೆನಪಿದೆ. ಅರ್ಧವಾರ್ಷಿಕ ಪರೀಕ್ಷೆಯ ಅಂಕಪಟ್ಟಿಗೆ ಸಹಿ ಮಾಡುವಾಗ ಅಪ್ಪನ ಕತ್ತಿನ ನರ ಉಬ್ಬಿ, ಇಳಿದು, ಮತ್ತೆ ಉಬ್ಬಿ, ಕೊನೆಗೆ, “ಗಣಿತದಲ್ಲಿ ಹನ್ನೊಂದಾ ಸ್ವಾಮಿ? ಸ್ವಾಮಿಯೇ ಶರಣಂ” ಎಂದು ಸಹಿ ಬಿದ್ದಿತ್ತು. ಇದೆಲ್ಲಕ್ಕಿಂತ ದೊಡ್ಡ ಲಾಭ ಬೇರೆಯಿತ್ತು. ವ್ರತದವರು ಮಂಚ, ಹಾಸಿಗೆ, ದಿಂಬು ಮುಟ್ಟುವಂತಿಲ್ಲ. ಅಪ್ಪ ನಡುಮನೆಯಲ್ಲಿ ನೆಲದ ಮೇಲೆ ಒಂದು ದೊಡ್ಡ ಚಾಪೆ ಹಾಸಿಕೊಂಡು ಮಲಗುತ್ತಿದ್ದ. ನಾನು ಹೋಗಿ ಪಕ್ಕದಲ್ಲಿ ಸೇರಿಕೊಂಡರೆ ಬೈಯುವಂತಿರಲಿಲ್ಲವಲ್ಲ! ಅವನ ಮೈಯಿಂದ ವಿಭೂತಿ ಮತ್ತು ಡೀಸಲ್ಲಿನ ವಾಸನೆ ಒಟ್ಟಿಗೆ ಬರುತ್ತಿತ್ತು. ಅಷ್ಟು ಮೆತ್ತನೆಯ ಚಾಪೆಯ ಮೇಲೆ ನಾನು ಮತ್ತೆಂದೂ ಮಲಗಿಲ್ಲ.

ಹೀಗಾಗಿ ಸರೋಜಳ ಮಾತು ನಾಟಿತು. ನಲವತ್ತೊಂದು ದಿನ ಯಾರನ್ನೂ ಬೈಯದೆ, ಅಪ್ಪನ ಹಾಗೆ ನೆಲದ ಮೇಲೆ ಮಲಗಿ, ನಾನೂ ಮನುಷ್ಯನೇ ಎಂದು ತೋರಿಸಿಬಿಡಬೇಕು ಎಂದು ಹಟ ಬಂತು. ಸಿಟ್ಟಿನಲ್ಲೇ ಶಾಂತಿಯ ವ್ರತ ಕೈಗೊಂಡ ಭಕ್ತ ನಾನೊಬ್ಬನೇ ಇರಬೇಕು. ಆದರೆ ಒಂದು ತೊಡಕಿತ್ತು. ನನ್ನ ಸೊಂಟದ ಎರಡು ಮಣಿಗಳ ನಡುವಿನ ಮೆತ್ತೆ ಸವೆದುಹೋಗಿದೆ. ಬರಿ ನೆಲದ ಮೇಲೆ ಮಲಗಲೇಬಾರದು ಎಂದು ಡಾಕ್ಟರು ಹಿಂದೆಯೇ ಹೇಳಿದ್ದರು. ಈಗ ವ್ರತದ ಸುದ್ದಿ ಕೇಳಿ, “ಒಂದು ವಾರ ನೆಲದ ಮೇಲೆ ಮಲಗಿದ್ರೆ ಎಂಟನೇ ದಿನ ನಿಮ್ಮನ್ನ ನಾಲ್ಕು ಜನ ಎತ್ತಬೇಕಾಗುತ್ತೆ” ಎಂದರು. ನಡುವೆ ಮಾಲೆ ತೆಗೆಯುವುದೆಂದರೆ ವ್ರತಭಂಗ, ಅದಕ್ಕಿಂತ ಹೆಚ್ಚಾಗಿ ಸರೋಜಳ ಮುಂದೆ ಮುಖಭಂಗ. ಸೊಪ್ಪು ಬಿಡಿಸುತ್ತಾ ಅವಳು ಇನ್ನೇನು ಹೇಳುತ್ತಾಳೋ ಎಂದು ನೆನೆದೇ ನನಗೆ ಸೊಂಟ ಹಿಡಿಯಿತು.

ಉಪಾಯ ಹೊಳೆದದ್ದು ದುಬಾರೆಯಲ್ಲಿ. ಆನೆ ನೋಡಲು ಬಂದ ಪ್ರವಾಸಿಗಳು ಹೊಳೆಯ ಈಚೆ ದಡದಲ್ಲಿ ಡೇರೆ ಹಾಕಿಕೊಂಡಿದ್ದರು. ಒಬ್ಬಳು ಹೆಣ್ಣುಮಗಳು ಚೀಲದಿಂದ ಬೆಡ್‌ಶೀಟಿನ ಸುರುಳಿಯಂಥದ್ದೊಂದನ್ನು ತೆಗೆದು ಹುಲ್ಲಿನ ಮೇಲೆ ಬಿಡಿಸಿ, ಮೂಲೆಯ ಬಿರಟೆ ತಿರುಗಿಸಿ, ಟೀ ಕುಡಿಯಲು ಹೋದಳು. ಟೀ ಮುಗಿಸಿ ಬರುವಷ್ಟರಲ್ಲಿ ಅದು ತನ್ನಷ್ಟಕ್ಕೆ ತಾನೇ ಉಬ್ಬಿ ಎರಡು ಬೆರಳು ದಪ್ಪವಾಗಿತ್ತು. ಯಾರೂ ಊದಲಿಲ್ಲ, ಪಂಪು ಹೊಡೆಯಲಿಲ್ಲ. ಯಾರಾದರೂ ಒಂದು ಹೊಗಳಿಕೆಯ ಮಾತು ಹೇಳಿದರೆ ಉಬ್ಬುವವರನ್ನು ಕಂಡಿದ್ದೇನೆ, ನಾನೂ ಆ ಜಾತಿಯವನೇ. ಯಾರೂ ಏನೂ ಹೇಳದೆ ಉಬ್ಬುವುದನ್ನು ನೋಡಿದ್ದು ಅದೇ ಮೊದಲು. ಅದರ ಹೆಸರು ಸ್ಲೀಪಿಂಗ್ ಪ್ಯಾಡ್ ಎಂದು ಆಕೆಯೇ ಹೇಳಿದಳು. ಪ್ಯಾಡ್ ಎಂದರೆ ಪರೀಕ್ಷೆಗೆ ಒಯ್ಯುವ ಕ್ಲಿಪ್ಪಿನ ಹಲಗೆ ಎಂದಷ್ಟೇ ತಿಳಿದಿದ್ದ ನನಗೆ, ಅದರ ಮೇಲೆ ಮಲಗುವ ಸೌಕರ್ಯವೂ ಬಂದಿದೆ ಎಂದು ಗೊತ್ತಾದದ್ದು ಆ ದಿನ.

ಮುಂದಿನ ಭಾನುವಾರ ಮಡಿಕೇರಿಗೆ ಹೋಗಿ, ಚಾರಣದ ಸಾಮಾನು ಮಾರುವ ಅಂಗಡಿ ಹುಡುಕಿದೆ. ಅಂಗಡಿಯವರು ನನ್ನ ನರೆತ ತಲೆ ನೋಡಿ ಬಹಳ ಸಂತೋಷಪಟ್ಟರು. “ಈ ವಯಸ್ಸಲ್ಲೂ ಬೆಟ್ಟ ಹತ್ತುದುಂಟಾ ಸಾರ್! ಎಲ್ಲಿಗೆ, ಪುಷ್ಪಗಿರಿಗಾ, ತಡಿಯಂಡಮೋಳಿಗಾ?”

“ಸಿದ್ದಾಪುರದ ಭಜನೆ ಮಂಟಪಕ್ಕೆ” ಎಂದೆ.

ಅವರು ನಗಲಿಲ್ಲ. ವ್ಯಾಪಾರಸ್ಥರು. ಮೂರು ನಮೂನೆ ತಂದು ನೆಲದ ಮೇಲೆ ಬಿಡಿಸಿದರು. ಒಳಗೆ ತೂತು ತೂತಾದ ಸ್ಪಂಜು ಇರುತ್ತದೆ, ಸುತ್ತಿದಾಗ ಅಮುಕಿಕೊಂಡಿರುತ್ತದೆ, ಬಿಡಿಸಿ ವಾಲ್ವು ತೆಗೆದರೆ ಸ್ಪಂಜು ಹಿಗ್ಗಿ ಗಾಳಿಯನ್ನು ತಾನೇ ಎಳೆದುಕೊಳ್ಳುತ್ತದೆ ಎಂದು ಪಾಠ ಮಾಡಿದರು. ಆಮೇಲೆ, “ಇದರ ಆರ್ ವ್ಯಾಲ್ಯೂ ನಾಲ್ಕು ಸಾರ್” ಎಂದರು. “ಆರೋ ನಾಲ್ಕೋ, ಸರಿಯಾಗಿ ಒಂದು ಹೇಳಿ” ಎಂದೆ. ಅವರು ಮತ್ತೆ, “ಅಲ್ಲ ಸಾರ್, ಆರೇ ನಾಲ್ಕು” ಎಂದರು. ಗಣಿತದಲ್ಲಿ ಹನ್ನೊಂದು ತೆಗೆದವನಿಗೂ ಇದು ಅತಿಯಾಯಿತು. ನನ್ನ ಸಾಸಿವೆ ಚಟಪಟ ಎನ್ನುವಷ್ಟರಲ್ಲಿ ಅವರು ಚೀಟಿಯ ಮೇಲಿದ್ದ ಇಂಗ್ಲಿಷಿನ ಅಕ್ಷರ ತೋರಿಸಿದರು. ನೆಲದ ತಂಡಿಯನ್ನು ಎಷ್ಟು ತಡೆಯುತ್ತದೆ ಎಂಬುದರ ಅಳತೆಯಂತೆ ಅದು, ಹೆಚ್ಚಿದ್ದಷ್ಟೂ ಬೆಚ್ಚಗೆ. ತೆಳುವಾದದ್ದು ಬೆನ್ನ ಮೇಲೆ ಮಲಗುವವರಿಗೆ, ಮಗ್ಗುಲಾಗಿ ಮಲಗುವವರಿಗೆ ದಪ್ಪನೆಯದೇ ಆಗಬೇಕು, ಇಲ್ಲದಿದ್ದರೆ ಸೊಂಟದ ಮೂಳೆ ನೆಲ ಮುಟ್ಟುತ್ತದೆ ಎಂದು ಹೇಳಿ, ಮಲಗಿಯೇ ನೋಡಿ ಎಂದರು. ಮಡಿಕೇರಿಯ ನಟ್ಟನಡು ಪೇಟೆಯಲ್ಲಿ, ಡೇರೆಗಳ ಮತ್ತು ಬೂಟುಗಳ ನಡುವೆ, ಒಂದಾದ ಮೇಲೊಂದು ಮೂರು ಪ್ಯಾಡುಗಳ ಮೇಲೆ ನಾನು ಎಡಮಗ್ಗುಲು ಬಲಮಗ್ಗುಲು ಹೊರಳಿದೆ. ಮೂರನೆಯದರ ಮೇಲೆ ಕಣ್ಣು ಹತ್ತಿತು. ಅವರು ಅಲ್ಲಾಡಿಸಿ ಎಬ್ಬಿಸಿದಾಗ, “ಇದೇ ಇರ್ಲಿ, ಆದ್ರೆ ಕಿತ್ತಳೆ ಬಣ್ಣ ಬೇಡ, ವ್ರತಕ್ಕೆ ಕಪ್ಪು ಬೇಕು” ಎಂದೆ. ಗೋದಾಮಿನಿಂದ ಕಪ್ಪನೆಯದೊಂದು ಬಂತು. ಹೊರಡುವ ಮುಂಚೆ ನನ್ನ ಮುಖ್ಯ ಸಂಶಯ ಕೇಳಿಯೇಬಿಟ್ಟೆ: “ಇದು ಚಾಪೆಯೋ, ಹಾಸಿಗೆಯೋ?” ಅವರು ರಸೀತಿ ಹರಿದು ಕೊಡುತ್ತಾ, “ನಿಮಗೆ ಯಾವುದು ಬೇಕೋ ಅದು ಸಾರ್” ಎಂದರು.

ಆದರೆ ತೀರ್ಪು ಕೊಡಬೇಕಾದವರು ಅಂಗಡಿಯವರಲ್ಲ, ಗುರುಸ್ವಾಮಿ. ನಮ್ಮ ಗುರುಸ್ವಾಮಿ ಕೃಷ್ಣನ್, ಸಿದ್ದಾಪುರದ ಹಳೆಯ ಟೈಲರು. ಅವರ ಹಿರಿಯರು ಕೇರಳದವರು. ಅವರ ಕನ್ನಡದ ತುದಿ ಇಂದಿಗೂ ಸ್ವಲ್ಪ ಆ ಕಡೆ ಬಾಗುತ್ತದೆ. ಪ್ರತಿ ವರ್ಷ ಮಂಟಪದ ಪಕ್ಕದಲ್ಲಿ ಟಾರ್ಪಾಲಿನ ಚಪ್ಪರ ಹಾಕಿ, ಮಾಲೆ ಹಾಕಿದವರೆಲ್ಲ ಅಲ್ಲೇ ಅಡುಗೆ ಮಾಡಿ ಉಂಡು, ಭಜನೆ ಮಾಡಿ, ರಾತ್ರಿ ಮಂಟಪದೊಳಗೆ ಸಾಲಾಗಿ ಮಲಗುವುದು ರೂಢಿ. ಅದಕ್ಕೆ ನಾವು ಶಿಬಿರ ಎನ್ನುತ್ತೇವೆ. ಮಾಲೆ ಹಾಕಿಸಿಕೊಂಡ ದಿನ ಸಂಜೆ ನಾನು ಪ್ಯಾಡನ್ನು ಬಿಡಿಸಿ ಗುರುಸ್ವಾಮಿಯ ಮುಂದಿಟ್ಟೆ. ವಾಲ್ವು ತೆಗೆದ ಕೂಡಲೇ ಅದು ‘ಸ್ಸ್ಸ್’ ಎಂದಿತು. ಇಬ್ಬರು ಸ್ವಾಮಿಗಳು ಹಾವೆಂದು ಬೆಂಚಿನ ಮೇಲೆ ಹಾರಿದರು. ಗುರುಸ್ವಾಮಿ ಮಾತ್ರ ಬಟ್ಟೆಯ ಗುಣ ನೋಡುವವರ ಹಾಗೆ ಅಂಚನ್ನು ಬೆರಳಲ್ಲಿ ಉಜ್ಜಿ ನೋಡಿದರು.

“ಇದ್ರೊಳಗೆ ಹತ್ತಿ ಉಂಟಾ ಸ್ವಾಮಿ?”

“ಇಲ್ಲ ಸ್ವಾಮಿ. ಬರೀ ಸ್ಪಂಜು, ಗಾಳಿ.”

“ಗಾಳಿ ಯಾರು ಊದುದು?”

“ಯಾರೂ ಊದಲ್ಲ ಸ್ವಾಮಿ. ಅದೇ ತುಂಬ್ಕಳುತ್ತೆ.”

ಅವರು ಕಣ್ಣು ಮುಚ್ಚಿದರು. ಬೆಂಚಿನ ಮೇಲಿದ್ದ ಸ್ವಾಮಿಗಳೂ ಇಳಿದು ಹತ್ತಿರ ಬಂದರು. “ಊದಿ ಉಬ್ಬಿಸಿದ್ರೆ ಅದು ಹಾಸಿಗೆ” ಎಂದರು ಗುರುಸ್ವಾಮಿ. “ಅದಾಗಿ ಉಬ್ಬಿದ್ರೆ ಸ್ವಾಮಿದು ಎಂಥ ತಪ್ಪು? ಸ್ವಾಮಿ ಹಾಸಿದ್ದು ಚಾಪೆ. ಆಮೇಲೆ ಅದ್ರೊಳಗೆ ದೇವ್ರ ಗಾಳಿ ಬಂದು ಕೂತ್ರೆ ಎದ್ದು ಹೋಗು ಅನ್ನಕ್ಕಾಗ್ತದಾ? ಆದ್ರೆ ಒಂದು. ಬಾಯಿ ಹಾಕಿ ಒಂದು ಉಸಿರೂ ಊದಬಾರ್ದು.” ನಾನು ಅಲ್ಲೇ ಅಡ್ಡಬಿದ್ದೆ. ಇಂಥ ನ್ಯಾಯ ಯಾವ ಕೋರ್ಟಿನಲ್ಲಿ ಸಿಕ್ಕೀತು!

ಇಲ್ಲಿಂದ ನನ್ನ ಕಷ್ಟ ಶುರುವಾಯಿತು. ಪ್ಯಾಡಿನ ಜೊತೆ ಬಂದಿದ್ದ ಸಣ್ಣ ಕಾಗದವನ್ನು ನಾನು ಓದಿದ್ದು ಆಮೇಲೆ. ತಾನೇ ಉಬ್ಬುತ್ತದೆ ಎಂಬುದು ಪೂರಾ ನಿಜವಲ್ಲ. ಮುಕ್ಕಾಲು ಉಬ್ಬುತ್ತದೆ, ಉಳಿದದ್ದಕ್ಕೆ ಬಾಯಿಂದ ಮೂರು ನಾಲ್ಕು ಸಲ ಊದಬೇಕು ಎಂದು ಅದರಲ್ಲಿತ್ತು. ಹೊಸದರಲ್ಲಿ, ಅದರಲ್ಲೂ ಚಳಿಯಲ್ಲಿ, ಸ್ಪಂಜಿಗೆ ಸೋಮಾರಿತನ ಹೆಚ್ಚು ಎಂಬ ಅರ್ಥದ್ದೂ ಏನೋ ಇತ್ತು. ನಮ್ಮ ಕಡೆಯ ಡಿಸೆಂಬರ್ ಚಳಿಗೆ ಮನುಷ್ಯರೇ ಉಬ್ಬುವುದಿಲ್ಲ, ಸ್ಪಂಜು ಪಾಪ ಏನು ಮಾಡೀತು? ಬೆಳಗ್ಗೆ ವಾಲ್ವು ತೆಗೆದಿಟ್ಟು ಕೆಲಸಕ್ಕೆ ಹೋದರೆ ಸಂಜೆಗೂ ಅದು ಅಪರಾಧ ಮಾಡಿದವರ ಹಾಗೆ ಮೂಲೆಯಲ್ಲಿ ಬಡಕಲಾಗಿ ಬಿದ್ದಿರುತ್ತಿತ್ತು. ಮಗ್ಗುಲಾದರೆ ಸೊಂಟದ ಮೂಳೆ ಸಿಮೆಂಟಿಗೆ ಠಕ್ ಎಂದು ತಾಗುತ್ತಿತ್ತು. ನೈಲಾನಿನ ಬಟ್ಟೆ ಬೇರೆ. ಮಂಟಪದ ನೆಲ ನೀರು ಹರಿದುಹೋಗಲೆಂದು ಬಾಗಿಲ ಕಡೆಗೆ ಸ್ವಲ್ಪ ಇಳಿಜಾರು. ಮಲಗುವಾಗ ದೇವರ ಫೋಟೋದ ಬಳಿ ಇದ್ದವನು ಏಳುವಾಗ ಚಪ್ಪಲಿಗಳ ಹತ್ತಿರ ಇರುತ್ತಿದ್ದೆ. ದಾರಿಯಲ್ಲಿ ಮುರುಗನ ಚಾಪೆ ಅಡ್ಡ ಸಿಕ್ಕಿದ ದಿನ ಮಾತ್ರ ಅಲ್ಲೇ ನಿಲ್ಲುತ್ತಿದ್ದೆ.

ಮುರುಗ ನಮ್ಮ ಎಸ್ಟೇಟಿನ ಲೈನಿನಲ್ಲೇ ಇರುವ ಮುದುಕ. ಹಾಜರಿಗೆ ತಡವಾಗಿ ಬಂದದ್ದಕ್ಕೆ ನಾನು ಈ ಜನ್ಮದಲ್ಲಿ ಅತಿ ಹೆಚ್ಚು ಬೈದಿರುವುದು ಅವನನ್ನೇ. ಈಗ ಶಿಬಿರದಲ್ಲಿ ಅವನು ನನ್ನ ಪಕ್ಕದ ಚಾಪೆ, ಬಾಯ್ತುಂಬ ಅವನನ್ನು ಸ್ವಾಮಿ ಎನ್ನಬೇಕು. ಒಂದು ಬೆಳಗ್ಗೆ ಅವನು ಬಹಳ ಮರ್ಯಾದೆಯಿಂದ, “ರೈಟರ್ ಸ್ವಾಮಿ, ನಿಮ್ ಚಾಪೆ ರಾತ್ರಿ ಎಲ್ಲಾ ಅಳ್ತಾ ಇತ್ತು ಸ್ವಾಮಿ, ಕಿರ್ ಕಿರ್ ಅಂತ. ನೀವು ಅದ್ಕೆ ಏನ್ ಬೈದ್ರಿ?” ಎಂದ. ಇಡೀ ಶಿಬಿರ ನಕ್ಕಿತು. ನನ್ನ ಕತ್ತಿನ ನರ ಉಬ್ಬಿತು. “ಸ್ವಾಮಿಯೇ ಶರಣಂ” ಎಂದೆ. ಎಸ್ಟೇಟಿನಲ್ಲೂ ಅದೇ ಕಥೆ. ರೈಟರು ಮಾಲೆ ಹಾಕಿದ್ದಾರೆ, ಬೈಯುವುದಿಲ್ಲ ಎಂಬ ಸುದ್ದಿ ಒಂದೇ ದಿನದಲ್ಲಿ ಲೈನಿಂದ ಲೈನಿಗೆ ಹೋಗಿತ್ತು. ಕಾಫಿ ಹಣ್ಣು ಕೊಯ್ಯುವ ಪಿಕ್ಕಿಂಗಿನ ಸಮಯ ಬೇರೆ. ಎಂಟಕ್ಕೆ ಬರಬೇಕಾದವರು ಎಂಟೂವರೆಗೆ ಬಂದು, ಕೈಮುಗಿದು ಶರಣಂ ಎಂದು ತೋಟದೊಳಗೆ ನುಗ್ಗುತ್ತಿದ್ದರು. ಒಬ್ಬಳಂತೂ ಎರಡು ವರ್ಷದ ಹಿಂದೆ ತಾನೇ ಕಳೆದುಹಾಕಿದ ಕತ್ತಿಯ ವಿಷಯವನ್ನು ಆಗ ಬಂದು ಒಪ್ಪಿಕೊಂಡಳು. ನನಗೆ ಹುಲ್ಲಿನ ಮೆದೆಯೊಳಗಿನ ಲಾಟೀನು ನೆನಪಾಗಿ, ಬೈಯಲು ಬಾಯೇ ಬರಲಿಲ್ಲ.

ಹನ್ನೆರಡನೆಯ ದಿನ ಸಂಜೆ ಸೊಂಟ ಹೇಳಿದ ಮಾತು ಕೇಳಲಿಲ್ಲ. ಉಳಿದವರೆಲ್ಲ ಸ್ನಾನಕ್ಕೆಂದು ಹೊಳೆಗೆ ಹೋಗಿದ್ದರು. ಶಿಬಿರದಲ್ಲಿ ನಾನು, ದೇವರ ಫೋಟೋ, ಮುಕ್ಕಾಲು ಉಬ್ಬಿದ ಪ್ಯಾಡ್. ಇನ್ನು ಇಪ್ಪತ್ತೊಂಬತ್ತು ದಿನ ಹೀಗೇ ಕಳೆಯುವುದು ಸಾಧ್ಯವಿಲ್ಲ, ನಾಳೆ ಮಾಲೆ ತೆಗೆದು ಮನೆಗೆ ಹೋಗಬೇಕಾಗುತ್ತದೆ ಎಂದು ನನಗೆ ಖಾತ್ರಿಯಾಗಿತ್ತು. ಸರೋಜಳ ಮುಖ ಕಣ್ಣಮುಂದೆ ಬಂತು. ಫೋಟೋಕ್ಕೆ ಬೆನ್ನು ತಿರುಗಿಸಿ ಕುಳಿತು, ವಾಲ್ವಿಗೆ ಬಾಯಿ ಹಾಕಿದೆ. ಒಂದು. ಎರಡು. ಮೂರಕ್ಕೆ ನಿಲ್ಲಿಸೋಣವೆಂದುಕೊಂಡೆ. ಕಾಗದದಲ್ಲಿ ಮೂರು ನಾಲ್ಕು ಎಂದಿತ್ತಲ್ಲ, ನಾಲ್ಕು. ಅದರ ಮೇಲೆ ಮಲಗಿದ್ದೇ ತಡ, ಅಂಥ ನಿದ್ದೆ ವ್ರತ ಶುರುವಾದಂದಿನಿಂದ ಬಂದಿರಲಿಲ್ಲ. ಬೆಳಗ್ಗೆ ಸೊಂಟ ಹಗುರವಾಗಿತ್ತು, ಎದೆ ಭಾರವಾಗಿತ್ತು. ಕದ್ದು ಊದಿದ ಉಸಿರಿನ ಮೇಲೆ ಮಲಗಿ ಪುಣ್ಯ ಸಂಪಾದಿಸುವುದು ಹೇಗೆ? ಮಧ್ಯಾಹ್ನ ಊಟದ ಬಿಡುವಿನಲ್ಲಿ ನೇರ ಗುರುಸ್ವಾಮಿಯ ಟೈಲರಿಂಗ್ ಅಂಗಡಿಗೆ ಹೋದೆ.

ಅವರು ಹೊಲಿಗೆ ಮಿಷನ್ನಿನ ಮುಂದೆ ಕುಳಿತಿದ್ದರು. ನಾಲ್ಕು ಉಸಿರಿನ ಕಥೆಯನ್ನೆಲ್ಲ ಹೇಳಿದೆ. ಅವರು ಸಿಟ್ಟಾಗಲಿಲ್ಲ. ಸೂಜಿಗೆ ದಾರ ಪೋಣಿಸುತ್ತಾ ನಕ್ಕರು.

“ಸ್ವಾಮಿ ಅಪ್ಪನ ಮಗನೇ. ನಿಮ್ಮಪ್ಪನೂ ಹೀಗೇ ಒಂದು ಕಾರ್ತಿಕದಲ್ಲಿ, ಮಾಲೆ ಹಾಕುವ ಮುಂಚೆ, ಇಲ್ಲಿಗೆ ಬಂದಿದ್ರು. ನಾನು ಆಗ ಕೆಲ್ಸ ಕಲಿತು ಹೊಸತು. ಕಂಕುಳಲ್ಲಿ ಲಾರಿ ಸೀಟಿನ ಸ್ಪಂಜು. ಕೃಷ್ಣಾ, ಇದ್ನ ಚಾಪೆ ಅಡಿಗೆ ಯಾರಿಗೂ ಕಾಣದ ಹಾಗೆ ಹೊಲ್ದುಕೊಡು ಅಂದ್ರು.”

ನನಗೆ ಆದ ಸಂತೋಷವನ್ನು ಹೇಳಲಾರೆ. ಅಪ್ಪನೂ! ನನ್ನ ತಲೆಯ ಮೇಲಿಂದ ಮೂಟೆ ಇಳಿದ ಹಾಗಾಯಿತು. ಆ ಚಾಪೆ ಅಷ್ಟು ಮೆತ್ತಗೆ ಏಕಿತ್ತು ಎಂಬುದೂ ಒಮ್ಮೆಲೇ ತಿಳಿಯಿತು. “ಹಂಗಾರೆ ಅಪ್ಪನೂ ಕದ್ದು ಸ್ಪಂಜಿನ ಮೇಲೇ ಮಲಗ್ತಿದ್ನಾ ಸ್ವಾಮಿ?” ಎಂದು ಹಿಗ್ಗಿ ಕೇಳಿದೆ.

“ಎಲ್ಲಿ ಸ್ವಾಮಿ!” ಗುರುಸ್ವಾಮಿ ದಾರವನ್ನು ಹಲ್ಲಿನಿಂದ ಕಡಿದರು. “ಸ್ಪಂಜು ಹೊಲಿಸಿದ್ದು ಅರ್ಧ ಚಾಪೆಗೆ. ನಿಮ್ಮ ಬದಿಗೆ. ಹುಡ್ಗ ಬಂದು ಪಕ್ಕದಲ್ಲಿ ಮಲಗ್ತಾನೆ, ನೆಲ ತಂಡಿ, ಅವ್ನಿಗೇನೂ ವ್ರತ ಇಲ್ವಲ್ಲ ಅಂದ್ರು. ಇನ್ನರ್ಧಕ್ಕೂ ಹಾಕ್ತೇನೆ ಅಂದೆ. ಬೈದ್ರು.”

ನಾನು ಸ್ಟೂಲಿನ ಮೇಲೆ ಕುಳಿತೆ. ಕಣ್ಣಲ್ಲಿ ನೀರು ಬಂತು. ಅದನ್ನು ಮುಚ್ಚಿಡುವ ಕಾರಣವೇನೂ ನನಗೆ ಕಾಣುವುದಿಲ್ಲ. ನನ್ನಪ್ಪ ಸತ್ತು ಹತ್ತೊಂಬತ್ತು ವರ್ಷವಾಯಿತು. ಅವನ ಬಗ್ಗೆ ನನಗೆ ಇದ್ದ ದೊಡ್ಡ ದೂರು, ವರ್ಷದ ಉಳಿದ ದಿನಗಳಲ್ಲಿ ಅವನಿಗೆ ನನ್ನ ಮೇಲೆ ಪ್ರೀತಿ ಇರಲಿಲ್ಲ ಎಂಬುದು. ಮಾಲೆ ಹಾಕುವ ಮುಂಚೆಯೇ, ಬೈಯುವ ದಿನಗಳಲ್ಲೇ, ಅವನು ಕಂಕುಳಲ್ಲಿ ಸ್ಪಂಜು ಇಟ್ಟುಕೊಂಡು ಟೈಲರ ಅಂಗಡಿಗೆ ಬಂದಿದ್ದ. ಒಂದು ಸಲವಾದರೂ ಅದನ್ನು ನನಗೆ ಹೇಳಬಾರದಿತ್ತೇ? ಹೇಳುತ್ತಿರಲಿಲ್ಲ. ಹೇಳಿದ್ದರೆ ಅದೂ ಬೈಗುಳದ ಹಾಗೆಯೇ ಕೇಳಿಸುತ್ತಿತ್ತೇನೋ. ನನ್ನ ತಪ್ಪಿಗೆ ಜೊತೆ ಸಿಕ್ಕಿತೆಂದು ಹಿಗ್ಗಿದವನು ಒಬ್ಬನೇ ವಾಪಸು ಬಂದೆ.

ಆ ಸಂಜೆ ಪ್ಯಾಡನ್ನು ಮುರುಗನ ಕಡೆಗೆ ತಳ್ಳಿ, “ಸ್ವಾಮಿ, ನೀವು ಮಲ್ಕಳಿ. ನಿಮ್ಗೂ ಮಂಡಿ ನೋವು” ಎಂದೆ. ದೊಡ್ಡತನವೆಂದು ಯಾರೂ ತಿಳಿಯಬೇಡಿ. ನನಗೆ ಅದರ ಮುಖ ನೋಡಲು ಆಗುತ್ತಿರಲಿಲ್ಲ, ಅಷ್ಟೆ. ಮುರುಗ ಒಂದೇ ರಾತ್ರಿ ಮಲಗಿ, “ವೇಂಡಾಂ ಸ್ವಾಮಿ, ಬ್ಯಾಡ, ತೆಪ್ಪದಲ್ಲಿ ಮಲಗ್ದಂಗೆ ಆಗ್ತದೆ, ಮುಳುಗೋದೇನೋ ಅಂತ ಹೆದರಿಕೆ” ಎಂದು ಹಿಂದಿರುಗಿಸಿದ. ಆಮೇಲೆ ಅದು ಶಿಬಿರದ ಆಸ್ಪತ್ರೆಯಾಯಿತು. ಜ್ವರ ಬಂದವರು, ಹೊಟ್ಟೆನೋವಿನವರು ಮಧ್ಯಾಹ್ನ ಅದರ ಮೇಲೆ ಒರಗುತ್ತಿದ್ದರು. ನಾನು ಬರೀ ಚಾಪೆಯ ಮೇಲೆ ಮಲಗಿದೆ. ನೋವು ಪವಾಡದಿಂದ ಮಾಯವಾಯಿತೆಂದು ಸುಳ್ಳು ಹೇಳುವುದಿಲ್ಲ. ಮಂಡಿಯ ಕೆಳಗೆ ಮಡಿಸಿದ ಗೋಣಿಚೀಲ ಇಟ್ಟುಕೊಂಡು ಅಂಗಾತ ಮಲಗುವುದನ್ನು ಮುರುಗನೇ ಹೇಳಿಕೊಟ್ಟ. ಮೂವತ್ತು ವರ್ಷ ಅವನ ಹೆಸರು ಬರೆದಿದ್ದೇನೆ, ಅವನಿಗೆ ಇಷ್ಟೆಲ್ಲ ಗೊತ್ತಿದೆ ಎಂದು ನನಗೆ ಗೊತ್ತಿರಲಿಲ್ಲ. ಕುಂಟುತ್ತಾ, ನರಳುತ್ತಾ, ಒಬ್ಬರಿಗೂ ಒಂದು ಬಿರುಸು ಮಾತು ಆಡದೆ ಮಂಡಲ ಮುಗಿಸಿದೆ. ಇರುಮುಡಿ ಹೊತ್ತು ಬೆಟ್ಟ ಹತ್ತಿ ಬಂದೆ. ಗುರುಸ್ವಾಮಿ ಮಾಲೆ ತೆಗೆದರು.

ಸುತ್ತಿದ ಪ್ಯಾಡನ್ನು ಬಗಲಲ್ಲಿಟ್ಟುಕೊಂಡು ಗೆದ್ದುಬಂದವನ ಹಾಗೆ ಎಸ್ಟೇಟಿನ ಕ್ವಾರ್ಟರ್ಸಿಗೆ ಕಾಲಿಟ್ಟೆ. ಸರೋಜ ಕಾಫಿ ಕೊಟ್ಟಳು. ಅವಳಾಗಿ ಏನಾದರೂ ಹೇಳುತ್ತಾಳೆಂದು ಕಾದೆ. ಲೋಟ ಖಾಲಿಯಾಯಿತು. ನಾನೇ ಕೇಳಿದೆ: “ನಲವತ್ತೊಂದು ದಿನ. ಒಬ್ಬರಿಗಾದ್ರೂ ಬೈದಿದ್ನಾ? ಈಗೇನಂತೀಯ?”

ಅವಳು ನಿಜವಾಗಿಯೂ ಯೋಚಿಸಿದಳು. “ಬೈಲಿಲ್ಲ, ನಿಜ. ಆದ್ರೆ ಹಗಲೆಲ್ಲ ತೋಟದಲ್ಲಿದ್ರಿ, ರಾತ್ರಿ ಶಿಬಿರದಲ್ಲಿ ಮಲಗಿದ್ರಿ. ಮನೇಲಿ ಇದ್ದಿದ್ದೇ ಯಾವಾಗ? ನಿಮ್ಮಪ್ಪ ಮನೇಲೇ ಇದ್ಕಂಡು ಮಾಡಿದ್ರು ಕಣ್ರೀ.”

ಈ ಮಾತಿಗೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಬರಲು ಕಾರಣವೂ ಇತ್ತು: ಅವಳು ಹೇಳಿದ್ದು ಈ ಸಲವೂ ನಿಜವಾಗಿತ್ತು. ಲೋಕಕ್ಕೆಲ್ಲ ಸ್ವಾಮಿ ಎಂದವನು, ನನ್ನ ಮುಚ್ಚಳ ಹುಡುಕಿಕೊಡುವವಳ ಕಣ್ಣಿಗೆ ಬೀಳದೆ ತಿರುಗಿದ್ದೆ. ಸರಿ, ಹಾಗಾದರೆ ಮನೆಯಲ್ಲೇ ಮಾಡಿ ತೋರಿಸುತ್ತೇನೆ, ಮಾಲೆ ಇಲ್ಲದಿದ್ದರೂ ಪರವಾಗಿಲ್ಲ, ಇವತ್ತಿನಿಂದಲೇ ಎಣಿಸು ಎಂದೆ. ಅವಳು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ಗೆರೆ ಎಳೆಯತೊಡಗಿದಳು. ಮೊದಲ ಸಲ ಒಂಬತ್ತು ದಿನದವರೆಗೆ ಹೋದೆ. ಹತ್ತನೆಯ ದಿನ, ಬಿಸಿಲಿಗೆಂದು ಕಣದಲ್ಲಿ ಬಿಡಿಸಿಟ್ಟಿದ್ದ ನನ್ನ ಪ್ಯಾಡಿನ ಮೇಲೆ ಯಾರೋ, ಕಪ್ಪು ಟಾರ್ಪಾಲೆಂದು ತಿಳಿದು, ಬೇಯಿಸಿದ ಕಾಳುಮೆಣಸು ಹರವಿ ಹೋಗಿದ್ದರು. ಆ ಸಿಟ್ಟನ್ನು ಮನೆಗೆ ತಂದು ಸರೋಜಳ ಮೇಲೆ ಸುರಿದೆ. ಅವಳು ರಬ್ಬರು ತೆಗೆದುಕೊಂಡು ಗೆರೆಗಳನ್ನೆಲ್ಲ ಅಳಿಸಿದಳು. ಎರಡನೆಯ ಸಲ ನಾಲ್ಕು ದಿನ. ಮೂರನೆಯ ಸಲದ್ದು ಹೇಳಿಕೊಳ್ಳುವ ಹಾಗಿಲ್ಲ, ಮಧ್ಯಾಹ್ನದ ಊಟದವರೆಗೂ ಬರಲಿಲ್ಲ. ಮೆಣಸಿನ ವಾಸನೆ ಹಿಡಿದ ಪ್ಯಾಡನ್ನು ಈಗ ಅವಳೇ ಮಧ್ಯಾಹ್ನದ ನಿದ್ದೆಗೆ ಹಾಸಿಕೊಳ್ಳುತ್ತಾಳೆ. ಶಾಸ್ತ್ರ ಕೇಳದೆ ನಾಲ್ಕು ಸಲ ಊದಿ, ಬೆಚ್ಚಗೆ ಮಲಗುತ್ತಾಳೆ. ಅವಳು ಮಲಗಿರುವಾಗ ಸದ್ದು ಮಾಡಬಾರದೆಂದು ನಾನು ಅಡುಗೆಮನೆಯ ಮೂಲೆಯಲ್ಲಿ ಕುಳಿತು ಇದನ್ನು ಬರೆಯುತ್ತಿದ್ದೇನೆ. ಹಾಜರಿ ಬಿಟ್ಟು ಬೇರೆ ಏನಾದರೂ ಬರೆದದ್ದು ಇದೇ ಮೊದಲು. ತಲೆಯ ಮೇಲೆ ಕ್ಯಾಲೆಂಡರು ತೂಗುತ್ತಿದೆ. ನಾನು ಆರನೆಯ ಸಲ ಮೊದಲನೆಯ ದಿನದಲ್ಲಿದ್ದೇನೆ.